ಪಾಂಡು ಹೇಳುತ್ತಾರೆ, ನಾಗಮ್ಮ ನೀರು ಬಿಡುತ್ತಾರೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಕಾರವಾರದ ಹಬ್ಬುವಾಡಕ್ಕೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ರಸ್ತೆ ಬದಿಯ ಸಿಮೆಂಟಿನ ಮುಚ್ಚಳ ಸರಿಸಿ, ಗುಂಡಿಯೊಳಗೆ ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀ ಇಳಿಸಿಕೊಂಡು ನಾಗಮ್ಮ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕ್. ಕೊರಳಿಗೆ ದಾರ ಕಟ್ಟಿ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಮೊಬೈಲ್ ಇದೆ, ಸ್ಪೀಕರ್ ಹಾಕಿದೆ. ಅದರೊಳಗಿಂದ ಗಂಡಸಿನ ದನಿಯೊಂದು ತಡೆತಡೆದು ಬರುತ್ತಿದೆ.

"ಏ ನಾಗೂ... ಎರಡ್ನೇದಾ ಅದು?"

"ಹೌದು. ಬೇಕರಿ ಎದುರಿಂದು."

"ಬಲಕ್ಕೆ ನಾಲ್ಕು ಸುತ್ತು. ಪೂರ್ತಿ ಮುಚ್ಚಬೇಡ."

ಆ ದನಿ ನಾಗಮ್ಮನ ಗಂಡ ಪಾಂಡು ಅವರದು. ಹಬ್ಬುವಾಡದ ಈ ಭಾಗಕ್ಕೆ ನೀರು ಬಿಡುವವರು ಅವರೇ. ಈಗ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿದ್ದಾರೆ. ಮಾತಾಡಬೇಕಾದರೆ ಆಕ್ಸಿಜನ್ ಮಾಸ್ಕ್ ಸರಿಸಬೇಕು, ಸರಿಸಿದಷ್ಟು ಹೊತ್ತೂ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಹಾಗಾಗಿ ಅವರ ಒಂದೊಂದು ಮಾತಿಗೂ ಒಂದು ಬೆಲೆಯಿದೆ. ನಾಗಮ್ಮನಿಗೆ ಅದು ಚೆನ್ನಾಗಿ ಗೊತ್ತು. ಬೇಕಾದದ್ದನ್ನು ಮಾತ್ರ ಕೇಳುತ್ತಾರೆ.

ಇದು ಮೇ ತಿಂಗಳ ಮೂರನೇ ಬುಧವಾರ. ಮೇಲಿನ ಕೇರಿಯ ಮೂವತ್ತೆಂಟು ಮನೆಗಳನ್ನು ಸೀಲ್‌ಡೌನ್ ಮಾಡಿ ಆರು ದಿನವಾಗಿದೆ. ನೀರು ಬರದೆ ಮೂರು ದಿನ. ಕೇರಿಯ ಬಾವಿ ಮೇ ತಿಂಗಳಲ್ಲಿ ಉಪ್ಪಾಗುತ್ತದೆ, ಹೊರಗಿನ ಬಾವಿಗೆ ಹೋಗಲು ಬಿದಿರಿನ ಅಡ್ಡಗಟ್ಟೆ ಬಿಡುವುದಿಲ್ಲ. ಟ್ಯಾಂಕರ್ ಆ ಏರು ಹತ್ತುವುದಿಲ್ಲ. ನೀರು ಸರಬರಾಜು ಕಚೇರಿಯವರು ನಕ್ಷೆ ಹಿಡಿದು ಎರಡು ದಿನ ಪ್ರಯತ್ನಿಸಿದರು. ಕೆಳಗಿನ ಮನೆಗಳ ತೊಟ್ಟಿಗಳೆಲ್ಲ ತುಂಬಿ ಚರಂಡಿಗೆ ಹರಿದವು, ಮೇಲಿನ ನಲ್ಲಿಗಳಲ್ಲಿ ಬರೀ ಗಾಳಿ ಬುಸುಗುಟ್ಟಿತು. ಯಾವ ವಾಲ್ವ್ ಎಲ್ಲಿದೆ ಎಂಬುದನ್ನು ನಕ್ಷೆ ಹೇಳುತ್ತದೆ. ಯಾವುದನ್ನು ಮೊದಲು, ಎಷ್ಟು ಸುತ್ತು, ಎಷ್ಟು ಹೊತ್ತು ತಡೆದು ತಿರುಗಿಸಬೇಕು ಎಂಬುದು ಪಾಂಡು ಅವರ ಕೈಯಲ್ಲಿದೆ. ದೊಡ್ಡ ಕೊಳವೆಯ ನೀರು ಏಳು ಗಂಟೆಗೆ ಬೇರೆ ಕಡೆಗೆ ತಿರುಗುತ್ತದೆ. ಅಷ್ಟರೊಳಗೆ ಏಳು ವಾಲ್ವ್ ದಾಟಿ ನೀರು ಮೇಲೆ ಹತ್ತಬೇಕು.

ಪಾಂಡು ಮೂಲತಃ ಚೆಂಡಿಯಾದವರು. ನೌಕಾನೆಲೆಗೆ ಜಾಗ ಹೋದಾಗ ಮನೆ, ಗದ್ದೆ ಎರಡೂ ಹೋದವು. ಪುನರ್ವಸತಿಯ ಜಾಗದಲ್ಲಿ ಅಣ್ಣ ಉಳಿದ, ಪಾಂಡು ಪೇಟೆಗೆ ಬಂದು ನೀರಿನ ಕೊಳವೆ ಹುಗಿಯುವ ಕೂಲಿಗೆ ಸೇರಿದರು. ಹಬ್ಬುವಾಡದ ಅರ್ಧಕ್ಕರ್ಧ ಗುಂಡಿ ತೋಡಿದ್ದು ಅವರೇ. ತೋಡಿದವನಿಗೇ ಕೀ ಕೊಟ್ಟರು. ಅಂದಿನಿಂದ ಇಪ್ಪತ್ತು ವರ್ಷ, ಇಪ್ಪತ್ತಮೂರು ವಾಲ್ವ್, ಒಂಬೈನೂರು ಚಿಲ್ಲರೆ ಮನೆ. ಜ್ವರ ಬಂದರೂ ಹಬ್ಬವಾದರೂ ಬೆಳಿಗ್ಗೆ ನಾಲ್ಕೂವರೆಗೆ ಮೊದಲ ಮುಚ್ಚಳ ಸರಿಸುವುದು ತಪ್ಪಿಲ್ಲ.

ಹೇಳಿಕೊಳ್ಳಲು ನನಗೇ ನಾಚಿಕೆ. ಹನ್ನೊಂದು ವರ್ಷದಿಂದ ಇದೇ ಹಬ್ಬುವಾಡದಲ್ಲಿ ಆ ನೀರು ಕುಡಿದುಕೊಂಡು ಊರಿನವರ ಬಗ್ಗೆಯೆಲ್ಲ ಬರೆದಿದ್ದೇನೆ. ನೀರು ಅರ್ಧ ಗಂಟೆ ತಡವಾದರೆ ಕಚೇರಿಗೆ ಫೋನ್ ಮಾಡಿ ಕೂಗಾಡಿದ್ದೂ ಇದೆ. ನೀರು ಬಿಡುವವರ ಹೆಸರು ಪಾಂಡು ಎಂದು ತಿಳಿದದ್ದು ಅವರು ವಾರ್ಡಿಗೆ ಸೇರಿದ ಮೇಲೆ.

ನಾಗಮ್ಮ ಅಂಕೋಲೆಯ ಶೆಟಗೇರಿಯವರು, ಗದ್ದೆ ಕೆಲಸಕ್ಕೆ ಹೋಗಿ ಅಭ್ಯಾಸ. ಹತ್ತು ವರ್ಷದ ಹಿಂದೆ ವಾಲ್ವಿನ ಗುಂಡಿಯೊಳಗೆ ಪಾಂಡು ಅವರಿಗೆ ಹಾವು ಕಚ್ಚಿತು. ಜೀವ ಉಳಿಯಿತು. ಮಾರನೇ ವಾರದಿಂದ ಟಾರ್ಚ್ ಹಿಡಿದು ನಾಗಮ್ಮ ಹಿಂದೆ ಹೊರಟರು. ಒಬ್ಬಳೇ ಮಗಳು ಸೌಜನ್ಯಾಳ ಮದುವೆಯವರೆಗೂ ಅದು ನಡೆಯಿತು.

"ಯಾವ ಗುಂಡಿ ಎಲ್ಲಿ ಅದೆ ಅಂತ ಕಣ್ಣು ಮುಚ್ಕಂಡು ಹೇಳ್ತೆ. ಎಷ್ಟು ಸುತ್ತು ಅಂತ ಮಾತ್ರ ಕೇಳಬೇಡಿ. ನಾ ನೋಡ್ತಿದ್ದದ್ದು ಹಾವು ಅದೆಯಾ ಇಲ್ವಾ ಅಂತ. ಅವ್ರ ಕೈ ನೋಡ್ಲಿಲ್ಲ" ಎನ್ನುತ್ತಾರೆ ನಾಗಮ್ಮ.

ಸೌಜನ್ಯಾ ಈಗ ಎಂಟು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಊರಲ್ಲಿ ಕಾಯಿಲೆ ಏರತೊಡಗಿದಾಗ ಪಾಂಡು ಬಟ್ಟೆಯ ಗಂಟು ಕಟ್ಟಿಕೊಂಡು ಪಂಪ್‌ಹೌಸಿಗೆ ಹೋದರು. ಸೀಲ್‌ಡೌನ್ ಆದ ಕೇರಿಗಳೊಳಗೂ ಅವರು ಕಾಲಿಡಬೇಕು, ಅಲ್ಲಿಂದ ಮನೆಗೆ ಬರುವುದು ಹೇಗೆ? ಇಪ್ಪತ್ತಾರು ದಿನ ನಾಗಮ್ಮ ಗೇಟಿನ ಕಲ್ಲಿನ ಮೇಲೆ ಊಟದ ಡಬ್ಬಿ ಇಟ್ಟು ದೂರ ನಿಂತರು. ಇಪ್ಪತ್ತೇಳನೇ ದಿನ ಡಬ್ಬಿ ತೆಗೆದುಕೊಳ್ಳಲು ಅವರಿಗೆ ಮೇಲೇಳಲಾಗಲಿಲ್ಲ. ಜೊತೆಗಿದ್ದ ಸಹಾಯಕನನ್ನೂ ಮನೆಯಲ್ಲಿ ಪ್ರತ್ಯೇಕವಾಗಿರಿಸಿದರು. ದೂರವಿದ್ದ ನಾಗಮ್ಮನನ್ನು ಪರೀಕ್ಷಿಸಿದಾಗ ಸೋಂಕಿರಲಿಲ್ಲ. ಕೊನೆಗೆ ಕಚೇರಿಯ ಕಿರಿಯ ಎಂಜಿನಿಯರ್ ಸುಜಯ ಮಂಗಳವಾರ ಸಂಜೆ ಅವರ ಅಂಗಳದಲ್ಲಿ ನಿಂತು, "ನಾಗಮ್ಮಕ್ಕ, ನೀವಲ್ಲದೆ ಬೇರೆ ದಾರಿ ಇಲ್ಲ" ಎಂದರು.

ಈಗ ಆರು ಗಂಟೆ ಹದಿನೈದು. ಐದನೇ ವಾಲ್ವಿನ ಹತ್ತಿರ ಬಂದಿದ್ದೇವೆ. ಮೇಲಿನ ಕೇರಿಗೆ ನೀರು ತಿರುಗುವುದು ಇಲ್ಲೇ. ಅಡ್ಡಗಟ್ಟೆ ಇಪ್ಪತ್ತು ಹೆಜ್ಜೆ ದೂರದಲ್ಲಿದೆ. ಅದರಾಚೆ ಕಾಮಿ ಎಂಬ ಹೆಂಗಸು ಖಾಲಿ ಕೊಡ ಕಾಲ ಬಳಿ ಇಟ್ಟುಕೊಂಡು ನಿಂತಿದ್ದಾಳೆ. ಅವಳ ಮನೆಯಲ್ಲಿ ಐವರಿಗೂ ಜ್ವರ. ಗಂಜಿ ಬೇಯಿಸಲು ನಿನ್ನೆ ರಾತ್ರಿ ಉಳಿದದ್ದು ಒಂದು ತಂಬಿಗೆ ನೀರಂತೆ.

"ಎಡಕ್ಕೆ ಆರು ಸುತ್ತು" ಎನ್ನುತ್ತದೆ ಫೋನು.

ನಾಗಮ್ಮ ಕೀ ಹಿಡಿದು ಎಡಕ್ಕೆ ಎಳೆಯುತ್ತಾರೆ. ಅಲುಗುವುದಿಲ್ಲ. ಕಾಲು ಅಗಲಿಸಿ, ಮೈಭಾರ ಹಾಕಿ ಮತ್ತೊಮ್ಮೆ ಎಳೆಯುತ್ತಾರೆ.

"ತಿರಗೂದೇ ಇಲ್ಲ ಇದು. ಕಲ್ಲು ಆದಂಗೆ ಆಗದೆ."

ಸುಜಯ ಓಡಿಹೋಗಿ ಜೀಪಿನಿಂದ ಉದ್ದನೆಯ ಪೈಪ್ ತರುತ್ತಾರೆ. ಅದನ್ನು ಕೀಯ ಹಿಡಿಗೆ ಸಿಕ್ಕಿಸಿ ಇಬ್ಬರೂ ಸೇರಿ ಒತ್ತಿದರೆ ತಿರುಗೀತು. ಆದರೆ ಒಳಗಿನ ಕಡ್ಡಿ ಮುರಿದರೆ ರಸ್ತೆ ಅಗೆಯಬೇಕು. ಬಿಡಿಭಾಗದ ಅಂಗಡಿಗಳಿಗೆ ಬೀಗ, ಅಗೆಯುವವರು ಊರಲ್ಲಿಲ್ಲ. ಮತ್ತೊಂದು ವಾರ ನೀರಿಲ್ಲ ಎಂದೇ ಲೆಕ್ಕ. ಸುಜಯ ಗಡಿಯಾರ ನೋಡುತ್ತಾರೆ. ನನಗೋ ಗಂಟಲು ಒಣಗಿದೆ, ಕಿಸೆಯಲ್ಲಿರುವ ನೀರಿನ ಬಾಟಲಿ ಕಾಮಿಯ ಎದುರು ತೆಗೆಯಲು ಮನಸ್ಸಾಗುವುದಿಲ್ಲ.

"ಒತ್ತಬೇಡ ನಾಗೂ. ತಡಿ" ಎಂದ ಪಾಂಡು ಸುಮ್ಮನಾಗುತ್ತಾರೆ. ಫೋನಿನಲ್ಲಿ ಆಕ್ಸಿಜನ್ನಿನ ಸುಯ್ ಸದ್ದು ಬಿಟ್ಟರೆ ಏನೂ ಇಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ನಾಗಮ್ಮ ಕೀಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಾರೆ.

ಆ ಎರಡು ನಿಮಿಷ ವಾರ್ಡಿನಲ್ಲಿ ಏನಾಗುತ್ತಿದೆ ಎಂಬುದನ್ನು ನರ್ಸ್ ಸಂಧ್ಯಾ ಆಮೇಲೆ ನನಗೆ ಹೇಳುತ್ತಾರೆ. ಪಾಂಡು ಮಂಚದಿಂದ ಇಳಿದಿದ್ದಾರೆ. ಸಲೈನ್ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಾರೆ. "ನಂಗೆ ಗಾಬರಿ ಆಯ್ತು. ಆಕ್ಸಿಜನ್ ಇಳಿದ್ರೆ ಕೆಲವ್ರು ಮಂಪರಲ್ಲಿ ಏನೇನೋ ಮಾಡ್ತಾರೆ. ಬೆರಳಿಗೆ ಹಾಕಿದ ಮಷಿನ್ ಎಂಬತ್ತಾರು ತೋರಿಸ್ತಿತ್ತು. ಮಲಗಿ ಅಂದ್ರೆ, 'ಸಿಸ್ಟರ್, ಒಂದು ನಿಮಿಷ, ಹಬ್ಬುವಾಡಕ್ಕೆ ಹೋಗಿ ಬತ್ತೆ' ಅಂದ್ರು."

ಒಂದನೇ ವಾಲ್ವಿನಿಂದ ಮನಸ್ಸಿನಲ್ಲೇ ನಡೆದು ಬಂದಿದ್ದಾರೆ. ಬೇಕರಿ, ತಿರುವು, ಏರು, ಐದನೆಯದು. ಅಲ್ಲಿ ಕೈ ತಾನಾಗಿ ಬಲಕ್ಕೆ ತಿರುಗಿದೆ.

"ನಾಗೂ, ಬಲಕ್ಕೆ. ಅದೊಂದು ಉಲ್ಟಾ. ನನ್ನ ಬಾಯಿಗೆ ಮರೆತಿತ್ತು, ಕೈಗೆ ಗೊತ್ತದೆ."

ಬಲಕ್ಕೆ ಎಳೆದರೆ ಕೀ ಮೆತ್ತಗೆ ತಿರುಗುತ್ತದೆ. ಸುಜಯ ಕೈಯಲ್ಲಿದ್ದ ಪೈಪನ್ನು ನೆಲಕ್ಕೆ ಇಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. ಎಂಜಿನಿಯರಿಂಗ್ ಓದಿದ ಮನುಷ್ಯ, ಆ ಪೈಪಿನಿಂದ ಏನಾಗಿಬಿಡುತ್ತಿತ್ತು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೂ ಮುಗಿದಿಲ್ಲ. ಮೂರು ದಿನದಿಂದ ಖಾಲಿ ಬಿದ್ದ ಕೊಳವೆಯಲ್ಲಿ ಗಾಳಿ ತುಂಬಿದೆ. ಅಡ್ಡಗಟ್ಟೆಯ ಈಚೆಗೇ ಇರುವ ಆರು, ಏಳನೆಯದನ್ನು ಅವಸರದಲ್ಲಿ ತೆರೆದರೆ ಹಳೆಯ ಕೊಳವೆ ಒಡೆಯುತ್ತದೆ. ಪಾಂಡು ಬೇರೆ ದಿನ ಕೀಯ ತುದಿಗೆ ಕಿವಿ ಹಚ್ಚಿ ಒಳಗೆ ಗಾಳಿಯೋ ನೀರೋ ಎಂದು ತಿಳಿಯುತ್ತಿದ್ದರು. ಈಗ "ಫೋನ್ ಕೀಗೆ ಹಿಡಿ, ನಾ ಕೇಳ್ತೆ" ಎನ್ನುತ್ತಾರೆ. ನಾಗಮ್ಮ ಕೊರಳಿನ ಚೀಲ ಬಿಚ್ಚಿ ಮೊಬೈಲನ್ನು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತಾರೆ. "ಗಾಳಿ... ಅರ್ಧ ಸುತ್ತು... ಇನ್ನೂ ಗಾಳಿ... ನಿಲ್ಲು." ಆರು ಗಂಟೆ ನಲವತ್ತು. "ಈಗ ಬಂತು. ಬಿಡು."

ಅಡ್ಡಗಟ್ಟೆಯಾಚೆ ಮೊದಲು ಒಂದು ನಲ್ಲಿ ಕೆಮ್ಮುತ್ತದೆ, ಕೆಂಪು ನೀರು ಉಗುಳುತ್ತದೆ, ಆಮೇಲೆ ತಿಳಿಯಾಗುತ್ತದೆ. ಮನೆ ಮನೆಯಿಂದ ಕೊಡ, ಬಕೆಟ್, ಕುಕ್ಕರ್, ಸಿಕ್ಕಿದ್ದೆಲ್ಲ ಹೊರಬರುತ್ತದೆ. ಕಾಮಿ ಅಲ್ಲಿಂದಲೇ ಕೇಳುತ್ತಾಳೆ, "ಪಾಂಡಣ್ಣ ಬಂದ್ರಾ?"

"ಬಂದಿಲ್ಲ. ನೀರು ಬಿಟ್ಟದ್ದು ಅವ್ರೇ" ಎನ್ನುತ್ತಾರೆ ನಾಗಮ್ಮ. ಆಮೇಲೆ ಮುಚ್ಚಳ ಎಳೆದು, ಅದರ ಮೇಲೇ ಕೂತು ಅಳುತ್ತಾರೆ. ನನಗೂ ಕಣ್ಣು ತುಂಬುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಅದೇ ಸಂಜೆ ಸುಜಯ ಒಂದು ನೋಟ್‌ಬುಕ್ ತರುತ್ತಾರೆ. ಇಪ್ಪತ್ತಮೂರು ವಾಲ್ವಿನದೂ ಫೋನಿನಲ್ಲಿ ಕೇಳಿ ಒಮ್ಮೆಲೇ ಬರೆದಿಟ್ಟುಕೊಳ್ಳೋಣ ಎಂಬುದು ಅವರ ಮಾತು. ಹೊರಗಿನವರಿಗೆ ಸರಿ ಅನ್ನಿಸುವ ಮಾತೇ. ಪಾಂಡು ಕೂಡ ಒಪ್ಪಿ ಹೇಳತೊಡಗುತ್ತಾರೆ. ಬೆಳಿಗ್ಗೆ ತಿರುಗಿಸಿದ ಏಳು ಬಿಟ್ಟು ಎಂಟು, ಒಂಬತ್ತು, ಹತ್ತು, ಹನ್ನೊಂದು. ಬರೆಯುತ್ತಿದ್ದ ನಾಗಮ್ಮ ಹನ್ನೊಂದಕ್ಕೆ ಪೆನ್ನು ಕೆಳಗಿಡುತ್ತಾರೆ.

"ಬಾಕಿದೆಲ್ಲ ಈಗ ಬ್ಯಾಡ. ಯಾವ ದಿನದ್ದು ಆ ದಿನ ಹೇಳಿ."

"ಬರ್ಕಳೇ. ನಾಳಿ ನಾ ಹೆಂಗಿರ್ತ್ನೋ" ಎನ್ನುತ್ತದೆ ಫೋನು.

"ಅದ್ಕೇ ಬರ್ಕಂಬೂದಿಲ್ಲ" ಎಂದು ನಾಗಮ್ಮ ಫೋನ್ ಇಡುತ್ತಾರೆ. ಸುಜಯ ನೋಟ್‌ಬುಕ್ ಮಡಚಿ ಎತ್ತಿಕೊಳ್ಳುತ್ತಾರೆ.

ಅಂದಿನಿಂದ ಹತ್ತು ದಿನ ಹೀಗೇ ನಡೆದಿದೆ. ವಾರ್ಡಿನಲ್ಲಿ ಪಾಂಡು ನಾಲ್ಕಕ್ಕೇ ಎದ್ದು ಕೂರುತ್ತಾರಂತೆ, ರಾತ್ರಿ ಫೋನ್ ಚಾರ್ಜಿಗೆ ಹಾಕಲು ಮರೆತರೆ ಸಂಧ್ಯಾ ಅವರನ್ನು ಕೂಗುತ್ತಾರಂತೆ. "ಅಕ್ಕಪಕ್ಕದ ಮಂಚ ಎರಡು ಖಾಲಿಯಾದವು. ಇವ್ರು ಮಾತ್ರ ನಾಳೆ ಎಷ್ಟನೇ ಲೈನು ಅಂತ ಲೆಕ್ಕ ಹಾಕ್ತಾ ಇರ್ತಾರೆ" ಎನ್ನುತ್ತಾರೆ ಸಂಧ್ಯಾ. ಆ ಮಂಚಗಳು ಹೇಗೆ ಖಾಲಿಯಾದವು ಎಂದು ನಾನು ಕೇಳುವುದಿಲ್ಲ.

ಮೊನ್ನೆ ಶುಕ್ರವಾರ ಮತ್ತೆ ಮೇಲಿನ ಕೇರಿಯ ಸರದಿ. ನಾಲ್ಕೂವರೆಗೆ ಮೊದಲ ಗುಂಡಿಯಲ್ಲಿ ಕೀ ಇಳಿಸಿ ನಾಗಮ್ಮ ನಿಂತಿದ್ದಾರೆ. ಫೋನ್ ಬರುವುದಿಲ್ಲ. ನಾಲ್ಕೂ ಮೂವತ್ತೈದು. ನಲವತ್ತು. ಇವರೇ ಮಾಡಿದರೆ ಸ್ವಿಚ್ ಆಫ್ ಎನ್ನುತ್ತದೆ. ಸುಜಯ ಮೆಲ್ಲಗೆ, "ಈ ಲೈನು ನಿಮಗೆ ಬಾಯಿಪಾಠ ಆಗಿದೆಯಲ್ಲ ನಾಗಮ್ಮಕ್ಕ, ತಿರುಗಿಸಿ" ಎನ್ನುತ್ತಾರೆ. ನಾಗಮ್ಮ ಅಲುಗುವುದಿಲ್ಲ. ಕಣ್ಣು ಫೋನಿನ ಮೇಲಿದೆ, ತುಟಿ ಮಾಸ್ಕಿನೊಳಗೆ ಏನನ್ನೋ ಅನ್ನುತ್ತಿದೆ. ನಾನು ಅವರ ಮುಖ ನೋಡಲಾರದೆ ರಸ್ತೆ ನೋಡುತ್ತೇನೆ.

ನಾಲ್ಕೂ ಐವತ್ತೆರಡಕ್ಕೆ ಫೋನ್ ಹೊಡೆದುಕೊಳ್ಳುತ್ತದೆ.

"ಎಕ್ಸ್‌ರೇಗೆ ಕರ್ಕಂಡು ಹೋಗಿದ್ರು ಮಾರಾಯ್ತಿ. ಫೋನೂ ಸತ್ತಿತ್ತು. ಮಾಸ್ಕ್ ತೆಗ್ದಾರೆ ಈಗ, ಮೂಗಿಗೆ ಸಣ್ಣ ನಳಿ ಒಂದೇ. ಎಲ್ಲಿದ್ದೀ?"

"ಒಂದ್ನೇದ್ರ ಹತ್ರ" ಎನ್ನುತ್ತಾರೆ ನಾಗಮ್ಮ. ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳುತ್ತಾರೆ, "ಎಷ್ಟು ಸುತ್ತು?"

ಎಡಕ್ಕೆ ಮೂರು ಸುತ್ತು. ಅದು ಅವರಿಗೆ ಗೊತ್ತಿದೆ, ಸುಜಯರಿಗೆ ಗೊತ್ತಿದೆ, ಇಷ್ಟು ದಿನ ಹಿಂದೆ ತಿರುಗಿದ ನನಗೂ ಗೊತ್ತಿದೆ. ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎಂದು ಆಮೇಲೆ ನಾನು ಕೇಳಿದರೆ, ನಾಗಮ್ಮ ಮುಚ್ಚಳ ಎಳೆಯುತ್ತಾ ನನ್ನತ್ತ ತಿರುಗದೆ ಹೇಳುತ್ತಾರೆ.

"ನಂಗೆ ಗೊತ್ತದೆ. ಅವ್ರು ಹೇಳ್ಲಿ."