ಐಪಿ ಹಾಕಿದ ಮಗ್ಗದಾಕೆ

ಹೋದ ವಾರ ಚಳ್ಳಕೆರೆಯ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಲೈಟರ್ ಹಚ್ಚಿದ. "ಪ್ಯೂರ್ ಐತೆ ಅಮ್ಮಾರೆ, ಮೂಸಿ ನೋಡ್ರಿ" ಅಂದ. ಅಸಲಿ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ತಂಗಿಯ ಮೊಮ್ಮಗಳ ಮದುವೆಗೆ ಸೀರೆ ಆರಿಸಲು ಹೋಗಿದ್ದ ನಾನು ಅಲ್ಲೇ ಗಾದಿಯ ಮೇಲೆ ಕುಸಿದು ಕೂತೆ. "ಶುಗರ್ ಲೋ ಆಯ್ತೇನೇ?" ಅಂತ ತಂಗಿ ಬ್ಯಾಗಿನಲ್ಲಿ ಚಾಕೊಲೇಟ್ ಹುಡುಕತೊಡಗಿದಳು. ಶುಗರ್ ಅಲ್ಲ... ಆ ವಾಸನೆಯಲ್ಲಿ ನಾನು ಒಂದು ಇಡೀ ಮಧ್ಯಾಹ್ನ ನಿಂತಿದ್ದೆ. ಅದರಲ್ಲಿ ರೇಷ್ಮೆಯದೆಷ್ಟು, ಕೂದಲಿನದೆಷ್ಟು ಅಂತ ಇವತ್ತಿಗೂ ಹೇಳಲಾರೆ.

ಆಗ ನಾನಿದ್ದದ್ದು ಮೊಳಕಾಲ್ಮೂರಿನಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಲೂ ಹಳೆಯ ಬಾಡಿಗೆ ಮನೆ ಬಿಟ್ಟಿರಲಿಲ್ಲ. ನನ್ನ ಅಡುಗೆಮನೆಗೂ ಪಕ್ಕದವರ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲೊಂದು ಕಿಂಡಿ. ಬೆಳಗಾಗುತ್ತಲೇ ಶುರುವಾಗುವ ಮಗ್ಗದ ಸದ್ದೇ ನನಗೆ ಅಲಾರಂ. ನೇಯುತ್ತಿದ್ದವಳು ಆ ಮನೆಯಾಕೆ. ಮೂವತ್ತೈದರ ಆಸುಪಾಸಿನವಳು, ಮಕ್ಕಳಿಲ್ಲ, ಮಾತು ಮಾತ್ರ ಸೂಜಿ. "ಟೀಚರಮ್ಮ, ನಿಮ್ ಕುಕ್ಕರ್ ಐದು ಸಲ ಕೂಗ್ತು. ಅದು ಅನ್ನ ಅಲ್ಲ ಗಂಜಿ, ಇತ್ಲಾಗೆ ಕೊಡ್ರಿ, ರೇಷ್ಮೆಗೆ ಹಚ್ತೀನಿ" ಎಂದು ಕಿಂಡಿಯಿಂದ ಕೂಗುತ್ತಿದ್ದಳು. ನೆಲದಲ್ಲಿ ಸೊಂಟದಾಳದ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತರೆ ಎದೆಯ ಮಟ್ಟಕ್ಕೆ ಮಗ್ಗ. ಬೀದಿಯಲ್ಲಿ ಏನೇ ಗಲಾಟೆಯಾದರೂ ಆಕೆ ಅಲ್ಲಿಂದ ಥಟ್ಟನೆ ಎದ್ದು ಬರುವ ಹಾಗಿರಲಿಲ್ಲ.

ಗಂಡ ನೋಡಲು ಸಾಧು. ನನ್ನನ್ನು ಕಂಡರೆ ಚಪ್ಪಲಿ ಬಿಟ್ಟು ನಿಲ್ಲುವವನು. ಕೈಗೆ ಮೊಬೈಲ್ ಬಂದ ಮೇಲೆ ಕ್ರಿಕೆಟ್ ಬೆಟ್ಟಿಂಗ್ ಹಿಡಿಯಿತು, ಆಮೇಲೆ ರಮ್ಮಿ. ತನ್ನ ಹೆಸರಿಗೆ ಯಾರೂ ಸಾಲ ಕೊಡದ ಹಾಗೆ ಆದಾಗ ಹೆಂಡತಿಯ ಹೆಸರಿಗೆ ಕೈ ಹಾಕಿದ. ಹೆಂಗಸರ ಗುಂಪುಗಳಿಗೆ ಸಾಲ ಕೊಡುವ ಕಂಪನಿಗಳವರು ಮನೆ ಬಾಗಿಲಿಗೇ ಬರುತ್ತಿದ್ದ ಕಾಲ ಅದು. ಸಹಿ ಸಹ ಬೇಡ, ಅಂಗೈಯಗಲದ ಮಷೀನಿನ ಮೇಲೆ ಹೆಬ್ಬೆರಳು ಒತ್ತಿದರೆ ಸಾಕು.

ಒಂದು ಬೆಳಗ್ಗೆ ಕಿಂಡಿಯಿಂದ ಕಂಡದ್ದನ್ನು ಹೇಳಿಬಿಡುತ್ತೇನೆ. ಆಕೆಯನ್ನು ಬೋರಲು ಕೆಡವಿ, ಬೆನ್ನಿನ ಮೇಲೆ ಮೊಣಕಾಲೂರಿ, ಬಲಗೈಯನ್ನು ಹಿಂದಕ್ಕೆ ತಿರುಚಿ ಹಿಡಿದಿದ್ದ. ಆಕೆ ಮುಷ್ಟಿ ಬಿಗಿದಿದ್ದಳು. ಅವನು ಒಂದೊಂದೇ ಬೆರಳು ಬಿಡಿಸಿದ, ಬಟಾಣಿ ಸಿಪ್ಪೆ ಬಿಡಿಸಿದ ಹಾಗೆ. ಕೊನೆಗೆ ಹೆಬ್ಬೆರಳು ಮಷೀನಿಗೆ ತಾಗಿತು. ಸಾಲದ ಏಜೆಂಟ್ ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಾನು "ಏಯ್!" ಅಂತ ಕೂಗುವಷ್ಟರಲ್ಲಿ ಮಷೀನು ಸಣ್ಣಗೆ ಬೀಪ್ ಅಂದಿತ್ತು.

ಎರಡು ದಿನ ಮಗ್ಗ ಸುಮ್ಮನಿತ್ತು. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನಾನು ಐಸ್ ಕಟ್ಟುತ್ತಿದ್ದರೆ ಆಕೆ ನಕ್ಕಳು. "ಇದು ನನ್ ಹೆಬ್ಬೆಟ್ಟಲ್ಲ ಟೀಚರಮ್ಮ. ಅವ್ನ ಎಟಿಎಮ್ಮು."

ಆಮೇಲೆ ವಸೂಲಿಯವರು ಬರತೊಡಗಿದರು. ಗಂಡ ಊರು ಬಿಟ್ಟು ಓಡಾಡುತ್ತಿದ್ದ, ಸಿಗುತ್ತಿದ್ದವಳು ಆಕೆ. ಒಬ್ಬ ಒಲೆಯ ಮೇಲಿನ ಸಾರಿನ ಪಾತ್ರೆ ಒದ್ದ, ಬಿಸಿ ಸಾರು ಆಕೆಯ ಪಾದದ ಮೇಲೆ ಬಿತ್ತು. ಇನ್ನೊಬ್ಬ ನಡುಬೀದಿಯಲ್ಲಿ ನಿಂತು ಬಾಯಿಗೆ ಬಂದದ್ದು ಬೈದು, ಕೊನೆಗೆ ಅಂದ: "ಮುಂದಿನ ಸಲ ಮಗ್ಗ ಕಿತ್ಕಂಡು ಹೋಗ್ತೀವಿ, ಆ ಗುಂಡಿಯಾಗೆ ನೀನೇ ಮಲಕ್ಕ." ಆ ಮಾತಿಗೆ ಮಾತ್ರ ಆಕೆ ಬಿಳಿಚಿಕೊಂಡಳು. ಹೊಡೆತಕ್ಕೆ ಹೆದರುತ್ತಿರಲಿಲ್ಲ. ಮಗ್ಗ ಹೋದರೆ ತಾನಿಲ್ಲ ಅಂತ ಗೊತ್ತಿತ್ತು.

ನನ್ನ ಹಳೆಯ ಸ್ಟೂಡೆಂಟ್ ಒಬ್ಬ ಚಳ್ಳಕೆರೆಯಲ್ಲಿ ವಕೀಲ. ಬಸ್ಸಿನಲ್ಲಿ ಆಕೆಯನ್ನು ಕೂರಿಸಿಕೊಂಡು ಅವನ ಬಳಿ ಹೋದೆ. ಅವನು ಐಪಿ ಹಾಕಿ ಅಂದ. ಇನ್‌ಸಾಲ್ವೆನ್ಸಿ ಪೆಟಿಷನ್, ಅಂದರೆ ದಿವಾಳಿ ಅರ್ಜಿ. ನಮ್ಮ ಗಡಿನಾಡಿನಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ಗೊತ್ತಿರುವ ಮಾತು. 'ಐಪಿ ಹಾಕಿದ ಮುಖ' ಅಂತ ಬೈಗುಳವೇ ಇದೆ. ವಕೀಲ ಹೇಳಿದ, "ನಾಚಿಕೆ ಪಡಬೇಡಿ ಅಕ್ಕಾ. ಕಸುಬಿನ ಸಾಮಾನು ಜಪ್ತಿ ಮಾಡಂಗಿಲ್ಲ ಅಂತ ಕಾನೂನೇ ಐತೆ. ಕೋರ್ಟಿನ ರಕ್ಷಣೆ ಸಿಕ್ಕರೆ ಮಗ್ಗ ಮುಟ್ಟೋಕೆ ಯಾವನಿಗೂ ಧೈರ್ಯ ಬರಲ್ಲ. ನಾಳೆನೇ ಫೈಲ್ ಮಾಡೋಣ."

ಆಕೆ ಬೇಡ ಅಂತ ತಲೆಯಾಡಿಸಿದಳು. "ಹಾಸು ಮುಗೀಲಿ."

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸಿದ ಎಳೆ. ಒಂದು ಹಾಸಿನಲ್ಲಿ ಮೂರು ಸೀರೆ. ರೇಷ್ಮೆ ಆಕೆಯದಲ್ಲ, ಕೂಲಿಗೆ ನೇಯಿಸುವ ಸಾವ್ಕಾರರದು. "ಇನ್ನೊಬ್ರ ರೇಷ್ಮೆ ಮಗ್ಗದ ಮ್ಯಾಲಿಟ್ಕಂಡು ದಿವಾಳಿ ಅಂತ ಕೋರ್ಟಿಗೆ ಹೋಗಾಕಿಲ್ಲ. ಏರ್ಸಿದ ಹಾಸು ನಡುವೆ ಬಿಡಬಾರ್ದು, ಕತ್ತರಿಸ್ಲೂಬಾರ್ದು. ಇಪ್ಪತ್ತು ದಿನ. ಸೀರೆ ಕೊಟ್ಟು, ಬರಿ ಮಗ್ಗ ಇಟ್ಕಂಡು ಬರ್ತೀನಿ." ವಕೀಲ ಹಣೆ ಚಚ್ಚಿಕೊಂಡ. ನಾನೂ ವಾದ ಮಾಡಿದೆ. ಸಿಲ್ಲಿ ಸೂಪರ್‌ಸ್ಟಿಷನ್ ಅಂತ ಸಹ ಅಂದೆ. ಆಕೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು.

ಆ ಇಪ್ಪತ್ತು ದಿನಗಳಲ್ಲಿ ಅರ್ಜಿಯ ಪಟ್ಟಿಗಳನ್ನು ನಾನೇ ಬರೆದೆ. ಸಾಲ ಕೊಟ್ಟವರ ಹೆಸರು ಒಂದು ಕಡೆ, ಆಕೆಯ ಆಸ್ತಿ ಇನ್ನೊಂದು ಕಡೆ. ಆಸ್ತಿ ಅನ್ನುವ ಕಡೆ 'ಒನ್ ಪಿಟ್ ಲೂಮ್' ಅಂತ ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ದುಂಡಗೆ ಬರೆದದ್ದು ನೆನಪಿದೆ. ಎಷ್ಟು ಹೆಮ್ಮೆಯಿತ್ತು ನನಗೆ...

ಇಪ್ಪತ್ತು ದಿನ ಮುಗಿಯುವ ಹೊತ್ತಿಗೆ, ಊರು ಬಿಟ್ಟಿದ್ದ ಗಂಡ ಒಂದು ಸಂಜೆ ನನ್ನ ಮನೆಗೆ ಬಂದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. "ಟೀಚರಮ್ಮ, ನೀವು ಸುಳ್ಳು ಹೇಳೋರಲ್ಲ. ನಮ್ಮಾಕಿ ನಿಮ್ ಹತ್ರ ಏನೋ ಬರೆಸ್ತಾ ಅವ್ಳಂತೆ. ಏನದು?"

ಬಳ್ಳಾರಿಯ ಕಾನ್ವೆಂಟಿನಲ್ಲಿ ಸುಳ್ಳಿಗೆ ಅಂಗೈ ಮೇಲೆ ರೂಲರಿನ ಏಟು ಬೀಳುತ್ತಿತ್ತು. ಆ ಭಯ ಮುದುಕಿಯಾದರೂ ಹೋಗಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು, ನಿನಗ್ಯಾಕೆ ಅನ್ನಬಹುದಿತ್ತು. ನಾನು ಐಪಿ ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನು ಆಕೆಯ ಹೆಸರಿಗೆ ಯಾರೂ ಸಾಲ ಕೊಡುವುದಿಲ್ಲ, ಅದು ನಿನಗೂ ಒಳ್ಳೆಯದು ಅಂತ ಕ್ಲಾಸಿನಲ್ಲಿ ಹೇಳುವ ಹಾಗೆ ವಿವರಿಸಿದೆ. ಅವನು ಕೈ ಮುಗಿದು "ಥ್ಯಾಂಕ್ಸ್ ಅಮ್ಮ" ಅಂದು ಹೋದ.

ಮರುದಿನ ಮಧ್ಯಾಹ್ನ ನಾನು ಮಜ್ಜಿಗೆ ಕಡೆಯುತ್ತಿದ್ದೆ. ಮಗ್ಗದ ಸದ್ದು ನಿಂತಿತು. ಕಿಂಡಿಯಲ್ಲಿ ಇಣುಕಿದರೆ ಅವನು ಕ್ಯಾನಿನಿಂದ ಸೀಮೆಎಣ್ಣೆ ಸುರಿಯುತ್ತಿದ್ದ, ಹಾಸಿನ ಮೇಲೆ, ಉದ್ದಕ್ಕೂ. ಆಕೆ ಗುಂಡಿಯಲ್ಲಿ. ಜಡೆ ಅವನ ಎಡಗೈಯಲ್ಲಿ. "ಐಪಿ ಹಾಕ್ತೀಯೇನೇ ಲೇ? ನನ್ ಬಾಯಿಗೆ ಮಣ್ಣು ಹಾಕ್ತೀಯಾ? ಟೀಚರಮ್ಮನೇ ಹೇಳಿದ್ಲು, ಗೊತ್ತಿಲ್ಲ ಅನ್ಕಂಡಿದ್ಯಾ?"

ಕಡ್ಡಿ ಗೀರಿದ.

ಆಕೆ ಹೊರಗೆ ಬರಲು ನೋಡಲಿಲ್ಲ. ಅದನ್ನೇ ನಾನು ಮರೆಯಲಾರೆ. ಬೆಂಕಿಯ ಮೇಲೆ ಎರಡೂ ಕೈ ಚಾಚಿ ಬಗ್ಗಿದಳು, ಮಗುವಿನ ಮೇಲೆ ಬಗ್ಗಿದ ಹಾಗೆ. ಜಡೆಗೆ ಹತ್ತಿತು. ಅವನು ಮತ್ತೆ ಎಳೆದಾಗ ಆಕೆ ಕೈಗೆ ಸಿಕ್ಕ, ಅಡ್ಡ ಎಳೆ ಓಡಿಸುವ ಲಾಳಿ ಎತ್ತಿ, ಹಿಂತಿರುಗಿ ನೋಡದೆಯೇ, ಅವನ ಮುಖಕ್ಕೆ ಚುಚ್ಚಿದಳು. ಲಾಳಿಗೆ ಎರಡೂ ಕಡೆ ಲೋಹದ ಮೊನೆ. ಕೆನ್ನೆ ಹರಿದು ಹಲ್ಲು ಕಂಡವು. ಅವನು ಗೂಳಿಯ ಹಾಗೆ ಅರಚುತ್ತ ಬೀದಿಗೆ ಓಡಿದ. ನಾನು ಒಂದು ಕೊಡ ನೀರು ಹೊತ್ತು ಹೋಗಿ ಸುರಿಯುವಷ್ಟರಲ್ಲಿ ಮೂರನೆಯ ಸೀರೆ ಕರಿ ಮುದ್ದೆಯಾಗಿತ್ತು. ಮುಗಿಯಲು ಒಂದು ಗೇಣು ಉಳಿದಿತ್ತು, ಒಂದೇ ಗೇಣು...

ಆಸ್ಪತ್ರೆಯಲ್ಲಿ ತಿಂಗಳು ಕಳೆಯಿತು. ಎಡಗೈಯ ಎರಡು ಬೆರಳು ಮಡಚಿ ಹಾಗೇ ನಿಂತವು. ಗಂಡನನ್ನು ಪೊಲೀಸರು ಗಡಿಯಾಚೆ ಹಿಡಿದು ಒಳಗೆ ಹಾಕಿದರು. ಸಾವ್ಕಾರ್ ಬಂದು ಸುಟ್ಟ ಹಾಸು ನೋಡಿ, ತೆಲುಗಿನಲ್ಲಿ "ಪೋನೀಲೇ ತಲ್ಲಿ" ಅಂದರು, ಹೋಗಲಿ ಬಿಡು ತಾಯಿ ಅಂತ. ಮಗ್ಗದ ಮರ ಸೀದಿತ್ತು, ಮುರಿದಿರಲಿಲ್ಲ. ಹೊಸ ಹಾಸು ಏರಿತು. ಎಂಟು ಬೆರಳಲ್ಲಿ ಆಕೆ ಮತ್ತೆ ನೇಯತೊಡಗಿದಳು, ನಿಧಾನಕ್ಕೆ. ಈ ಸಲ ಹಾಸು ಮುಗಿಯಲಿ ಅಂತ ಕಾಯಲಿಲ್ಲ. ಐಪಿ ಹಾಕಿದೆವು.

ಚಳ್ಳಕೆರೆಯ ಕೋರ್ಟು. ನಾನು ಹಿಂದಿನ ಬೆಂಚಿನಲ್ಲಿ. ಸಾಲ ಕೊಟ್ಟವರ ಪರ ವಕೀಲರದು ಒಂದೇ ವಾದ: ಇದು ಗಂಡಹೆಂಡಿರು ಸೇರಿ ಕಟ್ಟಿದ ನಾಟಕ, ದುಡ್ಡು ಎಲ್ಲೋ ಬಚ್ಚಿಟ್ಟಿದ್ದಾರೆ. "ಅರ್ಜಿ ವಿಷಯ ನಿನ್ನ ಗಂಡನಿಗೆ ಮೊದಲೇ ಗೊತ್ತಿತ್ತಲ್ಲಮ್ಮ? ಹೇಳಿದವರು ಯಾರು?"

ಟೀಚರಮ್ಮ ಅಂದಿದ್ದರೆ ಮುಗಿಯುತ್ತಿತ್ತು. ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದರು, ನಾನು ಹೌದು ಅನ್ನುತ್ತಿದ್ದೆ, ನಾಟಕದ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಆದರೆ ಬಾಗಿಲ ಬಳಿ ವಸೂಲಿಯವರು ನಾಲ್ಕು ಜನ ನಿಂತಿದ್ದರು. ಸಾರಿನ ಪಾತ್ರೆ ಒದ್ದವನು ನನ್ನನ್ನೇ ನೋಡುತ್ತಿದ್ದ. ಆಕೆ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು.

"ನಾನೇ ಹೇಳ್ದೆ ಸ್ವಾಮಿ."

ನಮ್ಮ ವಕೀಲ ಕಣ್ಣು ಮುಚ್ಚಿಕೊಂಡ. ನಾನು ಎದ್ದು ನಿಲ್ಲಬಹುದಿತ್ತು. ನೋ, ಷಿ ಡಿಡ್ ನಾಟ್, ಅದು ನಾನು, ಅಷ್ಟೇ ಸಾಕಿತ್ತು. ರೂಲರಿನ ಏಟಿಗೆ ಹೆದರಿ ಜೀವಮಾನವಿಡೀ ಸತ್ಯ ಹೇಳಿದವಳು, ಅವತ್ತು ಸೆರಗಿನ ತುದಿ ಹಿಂಡುತ್ತ ಕೂತೇ ಇದ್ದೆ.

ಹೆಂಡತಿಯೇ ಹೇಳಿದ್ದಳು ಅಂದ ಮೇಲೆ ನಾಟಕದ ಮಾತಿಗೆ ಬಲ ಬಂತು, ವಿಚಾರಣೆ ಮುಗಿಯುವ ತನಕ ರಕ್ಷಣೆ ಇಲ್ಲ ಅಂತಾಯಿತು. ಬಸ್ಸಿನಲ್ಲಿ ನಾನು ಏನೋ ಹೇಳಲು ಹೋದೆ. ಆಕೆ ತಡೆದಳು. "ನಿಮ್ ಹೆಸ್ರು ಹೇಳಿದ್ರೆ ನಿಮ್ ಬಾಗಿಲಿಗೂ ಬರ್ತಿದ್ರು. ನಿಮಗೆ ಎಪ್ಪತ್ತಾತು. ಅವರು ಒಂದು ಒದ್ರೆ ತಡೀತೀರಾ? ನನಗೆ ಅಭ್ಯಾಸ ಐತೆ ಬಿಡ್ರಿ."

ವಸೂಲಿಯವರು ಬಂದದ್ದು ಐದಾರು ತಿಂಗಳಿಗೆ, ಹಾಡಹಗಲು, ಟ್ರ್ಯಾಕ್ಟರ್ ತಂದು. ಕೊಡಲಿ, ಹಾರೆ. ಆಕೆ ಅಡ್ಡ ಬಿದ್ದಳು. ಒಬ್ಬ ಹಾರೆಯ ಹಿಂಬದಿಯಿಂದ ಹೆಗಲಿಗೆ ಹೊಡೆದ, ಮೂಳೆ ಮುರಿದ ಸದ್ದು ನನ್ನ ಅಡುಗೆಮನೆಗೆ ಕೇಳಿಸಿತು. ಕಂಬ ಕಿತ್ತರು, ಹಲಗೆ ಸೀಳಿದರು, ಅರ್ಧ ನೇಯ್ದಿದ್ದ ಹಾಸನ್ನು ಕೊಡಲಿಯಿಂದ ಎರಡೇ ಏಟಿಗೆ ಕಡಿದರು. ಬೀದಿಯ ಜನ ಬಾಗಿಲು ಹಾಕಿಕೊಂಡರು. ಪೊಲೀಸರಿಗೆ ಫೋನ್ ಮಾಡಿ ನಾನು ಓಡಿ ಹೋದಾಗ ಟ್ರ್ಯಾಕ್ಟರ್ ಹೋಗಿಯಾಗಿತ್ತು. ಆಕೆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಎದುರಿಗೆ ಮಗ್ಗ ಇರಲಿಲ್ಲ. ಕಾಲು ಮಾತ್ರ ಮೆಟ್ಟುಹಲಗೆ ಒತ್ತುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು.

ಕೋರ್ಟಿನ ಆರ್ಡರ್ ಅದಾದ ಮೂರು ತಿಂಗಳಿಗೆ ಬಂತು. ದಿವಾಳಿ ಒಪ್ಪಿದ್ದರು. ನಾನು ಓದಿ ಅರ್ಥ ಹೇಳಿದೆ: ಸಾಲ ಕೊಟ್ಟವರು ಇನ್ನು ಪೀಡಿಸುವಂತಿಲ್ಲ, ಮಗ್ಗ ಕಸುಬಿನ ಸಾಧನ, ಅದನ್ನು ಯಾರೂ ಮುಟ್ಟುವಂತಿಲ್ಲ.

"ಅದ್ಕೆ ಇಂಗ್ಲೀಷಾಗೆ ಏನಂತ ಬರ್ದಾರೆ?"

"ಪಿಟ್ ಲೂಮ್."

"ಪಿಟ್ ಅಂದ್ರೆ?"

"ಗುಂಡಿ."

"ಅರ್ಧ ಉಳೀತಲ್ಲ ಬಿಡ್ರಿ" ಅಂದಳು. ಆಮೇಲೆ ನಕ್ಕಳು. ಅಂಥ ನಗುವನ್ನು ನಾನು ಇನ್ನೊಮ್ಮೆ ಕೇಳಿಲ್ಲ.

ಮುಂದೆ ಆಕೆ ರಾಯದುರ್ಗದ ಕಡೆ ಅಕ್ಕನ ಮನೆಗೆ ಹೋದಳು. ನಾನು ಚಳ್ಳಕೆರೆಗೆ, ತಂಗಿಯ ಬಳಿಗೆ ಬಂದೆ. ಹೋಗಿ ನೋಡಬೇಕು, ಕ್ಷಮೆ ಕೇಳಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಹೋದ ವರ್ಷ ವಕೀಲ ಸಿಕ್ಕಿದ್ದಾಗ ಮಾತಿನ ನಡುವೆ ಹೇಳಿದ, ಆಕೆ ತೀರಿಕೊಂಡು ಆಗಲೇ ಎರಡು ವರ್ಷವಾಯಿತಂತೆ. ಏನಾಗಿತ್ತು ಅಂತ ಅವನಿಗೂ ಗೊತ್ತಿರಲಿಲ್ಲ. ಕೂಲಿಗೆ ಹೋಗುತ್ತಿದ್ದಳಂತೆ, ಶೇಂಗಾ ಬಿಡಿಸಲಿಕ್ಕೆ...

ಅಂಗಡಿಯಲ್ಲಿ ಮೊನ್ನೆ ತಂಗಿಗೆ ಇದನ್ನೆಲ್ಲ ಮೊದಲ ಸಲ ಹೇಳಿದೆ. ಅವಳು ನನ್ನ ಕೈ ಹಿಡಿದು, "ನೀನೇನು ಬೇಕು ಅಂತ ಹೇಳಿದ್ದಾ, ಬಿಡೇ" ಅಂದಳು. ಬಿಡುವುದು ಹೇಗೆ? ಹೇಳಿದ್ದು ಬೇಕಂತ ಅಲ್ಲ, ನಿಜ. ಆದರೆ ಕೋರ್ಟಿನಲ್ಲಿ ಬೇಕಂತಲೇ ಕೂತಿದ್ದೆ. ಹೇಳಿದವರು ಯಾರು ಅಂತ ಅವತ್ತು ಕೇಳಿದ್ದರು. ನಾನು. ಉತ್ತರ ಇಷ್ಟೇ ಇತ್ತು, ಈಗ ಬರೆದಿದ್ದೇನೆ, ಓದಿ ಅರ್ಥ ಹೇಳೋಣವೆಂದರೆ ಆಕೆಯೇ ಇಲ್ಲ.