ಬೂದಿ ಬಣ್ಣದ ಬೆಸುಗೆ

ಬೆಸುಗೆ ಸರಿಯಾಗಿ ಕೂತರೆ ಹೊಳೆಯುತ್ತದೆ. ಸೀಸ ಕರಗಿ ಮತ್ತೆ ಗಟ್ಟಿಯಾಗುವ ಆ ಎರಡು ಮೂರು ಕ್ಷಣ ತಂತಿ ಅಲ್ಲಾಡಬಾರದು, ಅಷ್ಟೇ. ಅಲ್ಲಾಡಿದರೆ ಅದು ಬೂದಿ ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಡ್ರೈ ಸಾಲ್ಡರ್ ಅನ್ನುತ್ತೇವೆ. ಒಂದಷ್ಟು ದಿನ ಸ್ಪೀಕರ್ ಚೆನ್ನಾಗಿಯೇ ಹಾಡುತ್ತದೆ, ಆಮೇಲೆ ಕರಕರ ಅನ್ನುತ್ತಾ ಕೈಕೊಡುತ್ತದೆ. ಬೇರೆಯವರ ಡ್ರೈ ಸಾಲ್ಡರ್ ಕಂಡಾಗಲೆಲ್ಲ ನಾನು ಗಿರಾಕಿಯ ಎದುರಿಗೇ ಆಡಿಕೊಳ್ಳುತ್ತಿದ್ದೆ. "ಇವ್ನು ಬೆಸ್ಗೆ ಹಾಕಿದ್ನೋ, ಚಟ್ನಿ ಮೆತ್ತಿದ್ನೋ?" ಅನ್ನುತ್ತಿದ್ದೆ.

ಕಡೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೋರ್ಡಿಲ್ಲ. ಹಳೆಯ ಸ್ಪೀಕರ್ ಕೆಟ್ಟರೆ ಎಲ್ಲಿಗೆ ತರಬೇಕೆಂದು ಸುತ್ತಮುತ್ತಲಿನವರಿಗೆ ಗೊತ್ತು. ಅವುಗಳಲ್ಲಿ ಮೊದಲು ಮುರಿಯುವುದು ಟರ್ಮಿನಲ್, ಅಂದರೆ ಹೊರಗಿನ ತಂತಿ ಬಂದು ಸೇರುವ ಚಿಕ್ಕ ಹಿತ್ತಾಳೆ ಪಟ್ಟಿ. ಯಾರೋ ಅವಸರದಲ್ಲಿ ತಂತಿ ಜಗ್ಗಿರುತ್ತಾರೆ, ಪಟ್ಟಿ ಬುಡದಿಂದಲೇ ಕಿತ್ತು ಬಂದಿರುತ್ತದೆ. ಹಳೇ ರಿವೆಟ್ ಕೊರೆದು ತೆಗೆದು, ಹೊಸ ಪಟ್ಟಿ ಕತ್ತರಿಸಿ, ಸಣ್ಣ ಬೋಲ್ಟು ಹಾಕಿ ಕೂರಿಸಬೇಕು. ಕೊನೆಗೆ ಕಾಗದದ ಕೋನಿನಿಂದ ಬರುವ ಎಳೆಯಂಥ ತಂತಿಯನ್ನು ಅದಕ್ಕೆ ಬೆಸೆಯಬೇಕು. ನಲವತ್ತು ವರ್ಷದಿಂದ ಇದೇ ಕೆಲಸ. ಬೇರೆ ಏನೂ ಬರುವುದಿಲ್ಲ ನನಗೆ.

ಈ ಚಳಿಗಾಲದಲ್ಲಿ ಅಜ್ಜಂಪುರದ ಕಡೆಯ ಒಂದು ಮಠದವರು, ದಸರೆ ಹೊತ್ತಿಗೆ ನಾನು ರಿಪೇರಿ ಮಾಡಿಕೊಟ್ಟಿದ್ದ ಭಜನೆ ಮನೆಯ ಸ್ಪೀಕರನ್ನು ವಾಪಸ್ ಹೊತ್ತು ತಂದರು.

"ಮತ್ತೆ ಕರಕರ ಅಂತೈತೆ ಕಣ್ರೀ, ಸ್ವಲ್ಪ ನೋಡಿ."

"ಎತ್ತಿ ಕುಕ್ಕಿರ್ತೀರಿ. ಇದೇನು ಅಕ್ಕಿ ಮೂಟೇನಾ?" ಎಂದು ಅವರಿಗೇ ಜೋರು ಮಾಡಿದೆ. ಪಾಪ, ತಲೆ ಕೆರೆದುಕೊಂಡು ಹೋದರು. ಅವರು ಹೋದ ಮೇಲೆ ಬಿಚ್ಚಿ ನೋಡಿದರೆ ಟರ್ಮಿನಲ್ ಮೇಲೆ ಬೂದಿ ಬಣ್ಣದ ಗಂಟು. ನನ್ನದೇ ಬೆಸುಗೆ.

ಸೀಸ ಕಳಪೆ ಅಂದುಕೊಂಡೆ. ಸೀಸದ ಹೊಗೆಗೆಂದು ಹಾಕುವ ಫ್ಯಾನಿನ ಗಾಳಿ ಅಂದುಕೊಂಡೆ. ಕನ್ನಡಕ ಒರೆಸಿದೆ, ಫ್ಯಾನ್ ಆರಿಸಿದೆ, ತಂತಿಯ ತುದಿಯನ್ನು ಚಿಮಟದಲ್ಲಿ ಹಿಡಿದು ದೀಪದ ಕೆಳಗೆ ತಂದೆ. ತುದಿ ಅಲುಗುತ್ತಿತ್ತು. ಮೊಣಕೈಯನ್ನು ಮೇಜಿಗೆ ಒತ್ತಿದೆ, ಉಸಿರು ಬಿಗಿಹಿಡಿದೆ. ಆಗಲೂ ಅಲುಗುತ್ತಿತ್ತು. ನನಗೆ ಹೆದರಿಕೆಯಾಯಿತು. ಬಾಗಿಲು ಹಾಕಿಕೊಂಡು ಬಂದು ಮತ್ತೆ ನೋಡಿದೆ. ಕೈ ನಡುಗುವವನಿಗೆ ಯಾರು ಸ್ಪೀಕರ್ ಕೊಡುತ್ತಾರೆ? ಸ್ಪೀಕರ್ ಬರದಿದ್ದರೆ ಆ ಕೋಣೆಯಲ್ಲಿ ನಾನು ಕೂತು ಮಾಡುವುದಾದರೂ ಏನು?

ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತಂತಿ ಕಚ್ಚಿಸಿ, ನಾಲ್ಕನೇ ಸಲಕ್ಕೆ ಹೇಗೋ ಮಠದ ಸ್ಪೀಕರ್ ಸರಿಮಾಡಿದೆ. ಆದರೆ ದಸರೆಯಿಂದ ಈಚೆಗೆ ಇನ್ನೊಂದನ್ನೂ ಮಾಡಿಕೊಟ್ಟಿದ್ದೆ. ತರೀಕೆರೆಯಲ್ಲಿ ಹಾಸಿಗೆ ಹೊಲಿಯುವ ಒಬ್ಬ ಸಾಬರದು, ಅವರ ತಂದೆಯ ಕಾಲದ, ರೇಡಿಯೋಕ್ಕೆ ಜೋಡಿಸುವ ದೊಡ್ಡ ಸ್ಪೀಕರ್. ಅದೂ ಹೀಗೇ ಆಗಿದ್ದರೆ? ಅವರು ಬೇರೆ ಯಾರಿಗೋ ತೋರಿಸಿ, ಅವನು ನನ್ನ ಬೆಸುಗೆ ನೋಡಿ ನಕ್ಕರೆ? ಆ ದಿನವೆಲ್ಲ ಕೂತಲ್ಲಿ ಕೂರಲಿಲ್ಲ. ಸ್ಕ್ರೂಗಳನ್ನು ಒಂದು ಡಬ್ಬದಿಂದ ಇನ್ನೊಂದಕ್ಕೆ ಸುರಿದೆ, ಮತ್ತೆ ಹಳೇ ಡಬ್ಬಕ್ಕೇ ಸುರಿದೆ.

ಮಾರನೆಯ ಬೆಳಿಗ್ಗೆ ಹೆಂಡತಿಗೆ, "ಸೀಸ ಮುಗಿದೈತೆ, ಬೀರೂರಿಗೆ ಹೋಗ್ಬತ್ತೀನಿ" ಎಂದು ಸುಳ್ಳು ಹೇಳಿ ತರೀಕೆರೆ ಬಸ್ಸು ಹತ್ತಿದೆ. ಚೀಲದಲ್ಲಿ ಸಾಲ್ಡರಿಂಗ್ ಐರನ್ನು, ಸೀಸ, ಚಿಮಟ, ಕ್ಲಿಪ್ಪು. ಸೀಟಿದ್ದರೂ ಕೂರಲು ಮನಸ್ಸಾಗಲಿಲ್ಲ, ಬಾಗಿಲ ಕಂಬ ಹಿಡಿದು ನಿಂತೆ. ಬೀರೂರು ದಾಟಿದ ಮೇಲೆ ಕಂಡಕ್ಟರು ತಡೆಯಲಾರದೆ ಹೇಳಿಯೇಬಿಟ್ಟ. "ಕೂತ್ಕಳಿ ಯಜಮಾನ್ರೇ. ನೀವು ನಿಂತ್ರೆ ಬಸ್ಸೇನು ಬೇಗ ಹೋಗಲ್ಲ." ಕೂತೆ. ಎರಡು ನಿಮಿಷಕ್ಕೆ ಮತ್ತೆ ಎದ್ದೆ.

ಸಾಬರು ಹತ್ತಿಯ ರಾಶಿಯ ನಡುವೆ ಕೂತು ಹಾಸಿಗೆಗೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದರು. ಅವರ ಹೆಂಡತಿ ಕಿಟಕಿಯ ಬೆಳಕಿಗೆ ದುಪಟ್ಟಾ ಹಿಡಿದು ಅಂಚಿಗೆ ಜರಿ ಕೂರಿಸುತ್ತಿದ್ದರು. ಈ ಕಡೆ ಬಂದಿದ್ದೆ, ಹಾಗೇ ಸ್ಪೀಕರ್ ನೋಡಿ ಹೋಗೋಣ ಅಂತ ಬಂದೆ ಎಂದೆ.

"ಸ್ಪೀಕರ್ ಫಸ್ಟ್ ಕ್ಲಾಸ್ ಐತೆ ಅಣ್ಣಾ," ಎಂದರು ಸಾಬರು. "ರೇಡಿಯೋನೇ ಕೈಕೊಡ್ತು. ಹಾಡ್ತಾ ಹಾಡ್ತಾ ಕರಕರ ಅನ್ನದು, ನಿಂತೋಗದು. ಸ್ಪೀಕರ್ ನೀವ್ ಮಾಡಿರದು, ಅದ್ರಲ್ಲಿ ತಪ್ಪಿರಕ್ಕೆ ಆಗಲ್ಲ ಅಂತ ಹೋದ್ ವಾರ ರೇಡಿಯೋನ ಗುಜರಿಗೆ ಹಾಕ್ಬಿಟ್ಟೆ. ನಮ್ಮ ಅಬ್ಬಾಂದು, ಮರದ ಪೆಟ್ಟಿಗೇದು. ಈಗ ಮೊಬೈಲಿಗೆ ಒಂದ್ ಸಣ್ಣ ಆಂಪ್ಲಿಫೈಯರ್ ಸಿಕ್ಕಿಸಿದೀನಿ. ಅದೂ ಹಂಗೇ ಮಾಡ್ತೈತೆ. ನಮ್ಮನೆ ಕರೆಂಟೇ ಸರಿ ಇಲ್ಲ ಕಾಣುತ್ತೆ."

ಹೌದು, ಕರೆಂಟಿನದೇ ತೊಂದರೆ ಅಂದುಬಿಟ್ಟರೆ ಮುಗಿಯುತ್ತಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಸ್ಪೀಕರನ್ನು ಅದರ ಪೆಟ್ಟಿಗೆಯಿಂದ ಬಿಚ್ಚಿ ಮಗುಚಿದೆ. ಅದೇ ಬೂದಿ ಬಣ್ಣ. ಐರನ್ನು ಕಾಯಲು ಹಾಕಿದೆ, ಕ್ಲಿಪ್ಪು ಕಂಡರೆ ಯಾಕೆಂದು ಕೇಳುತ್ತಾರೆ ಎಂದು ಅದನ್ನು ಚೀಲದಲ್ಲೇ ಬಿಟ್ಟೆ. ಬೇಗ ಒಂದು ಬೆಸುಗೆ ಹಾಕಿ ಎದ್ದು ಹೋಗಬೇಕು, ಅವರಿಗೆ ಏನೂ ತಿಳಿಯಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಐರನ್ನು ಟರ್ಮಿನಲ್ ಹತ್ತಿರ ಒಯ್ದರೆ ಕೈ ಎಲ್ಲಿಗೋ ಹಾರಿ, ಬಿಸಿ ಮೊನೆ ಕೋನಿನ ಕಾಗದದ ಪಕ್ಕದಲ್ಲೇ ಹಾದುಹೋಯಿತು. ಇನ್ನೊಂದು ಕೂದಲೆಳೆ ಆಚೆ ಹೋಗಿದ್ದರೆ ಕೋನಿಗೇ ತೂತು. ಎರಡನೇ ಸಲ ಪ್ರಯತ್ನ ಮಾಡುವ ಧೈರ್ಯ ಬರಲಿಲ್ಲ.

"ಸಾಬ್ರೇ," ಎಂದೆ. "ರೇಡಿಯೋದು ತಪ್ಪಲ್ಲ. ಕರೆಂಟಿಂದೂ ಅಲ್ಲ. ಬೆಸ್ಗೆ ಕೆಟ್ಟೈತೆ. ನನ್ ಕೈ ನಡುಗ್ತೈತೆ."

ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾಬರು ಹೊಲಿಗೆ ನಿಲ್ಲಿಸಿ ಗೋಡೆಯ ಖಾಲಿ ಗೂಡಿನ ಕಡೆ ನೋಡಿದರು. ರೇಡಿಯೋ ಇದ್ದ ಜಾಗ ಅದು. ಹೋಗಲಿ ಬಿಡಿ ಅಂತಾರೇನೋ ಎಂದು ಕಾದೆ. ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಅವರ ಹೆಂಡತಿ ದುಪಟ್ಟಾ ಮಡಿಸಿಟ್ಟು ಬಂದು ಸ್ಪೀಕರಿನ ತಂತಿಯನ್ನು ಉಗುರಿನಲ್ಲಿ ಎತ್ತಿ ನೋಡಿದರು. "ಇದು ಕಲಾಬತ್ತಲ್ವಾ ಅಣ್ಣಾ, ನಮ್ ಜರಿ ನೂಲು? ಒಳ್ಗೆ ನೂಲು, ಮೇಲೆ ತಗಡು ಸುತ್ತಿರದು."

ಹೌದಲ್ಲ ಅನ್ನಿಸಿತು. ಜರಿಯಲ್ಲಿ ಬೆಳ್ಳಿ ಬಣ್ಣದ ತಗಡಾದರೆ ಇಲ್ಲಿ ತಾಮ್ರದ್ದು, ಅಷ್ಟೇ ವ್ಯತ್ಯಾಸ.

"ತುದಿನ ಹಂಗೇ ಬಿಟ್ರೆ ಇದು ನಿಲ್ಲಲ್ಲ. ಮೊದ್ಲು ಸುತ್ತಿ ಬಿಗೀಬೇಕು." ಅಷ್ಟು ಹೇಳಿ ಅವರು ತಂತಿಯನ್ನು ಪಟ್ಟಿಯ ತೂತಿನಲ್ಲಿ ತೂರಿಸಿ, ಎರಡು ಸುತ್ತು ಹಾಕಿ ಅದುಮಿದರು. ನಾನೂ ಕಲಿತದ್ದು ಹಾಗೆಯೇ. ಕೈ ಚುರುಕಾದ ಮೇಲೆ, ಸುತ್ತುವುದು ಕಲಿಯುವವರಿಗೆ ಎಂಬ ಜಂಬದಲ್ಲಿ ಬಿಟ್ಟಿದ್ದೆ. ಐರನ್ನನ್ನು ಅವರ ಕೈಗೆ ಕೊಟ್ಟೆ. ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ ಅದನ್ನು, ನನ್ನ ಹೆಂಡತಿಗೂ ಕೂಡ.

"ಮೊದ್ಲು ಪಟ್ಟಿ ಕಾಯ್ಲಿ. ಈಗ ಸೀಸ ಮುಟ್ಸಿ. ಹರೀತು, ಸಾಕು, ತೆಗೀರಿ."

ನನ್ನ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತು ಹೇಳಿಕೊಡುತ್ತಿದ್ದೆ. ಅವರು ಐರನ್ನು ಎತ್ತಿದರು. ಬೆಸುಗೆ ಹೊಳೆಯಿತು. ಸುಳ್ಳು ಯಾಕೆ, ನನಗೆ ಹೊಟ್ಟೆ ಉರಿಯಿತು. "ಚೆನ್ನಾಗಿ ಬಂತು ಕಣಮ್ಮಾ" ಎಂದು ಕಷ್ಟಪಟ್ಟು ಹೇಳಿದೆ. ಸಾಬರು ಮೊಬೈಲು ಸಿಕ್ಕಿಸಿದರು. ಹಾಡು ಶುರುವಾಗಿ, ಒಂದು ಸಲವೂ ಕರಕರ ಅನ್ನದೆ ಕೊನೆಯವರೆಗೂ ಬಂತು. ಆಮೇಲೆ ಇನ್ನೊಂದು ಹಾಡು. ಸಾಬರು ನನ್ನ ಕಡೆ ತಿರುಗದೆ ದಬ್ಬಳ ಎತ್ತಿಕೊಂಡರು.

ಬಸ್ ಸ್ಟ್ಯಾಂಡಿಗೆ ಹೋಗುವ ಮೊದಲು ಗುಜರಿ ಅಂಗಡಿ ಹುಡುಕಿಕೊಂಡು ಹೋದೆ. ರೇಡಿಯೋದ ಒಳಗಿನ ತಾಮ್ರ ಬಿಚ್ಚಿ ಆಗಿತ್ತು, ಪೆಟ್ಟಿಗೆ ಒಡೆದು ಒಲೆಗೆ ಹಾಕಿದ್ದರು. ವಾಪಸ್ ಬಂದು ಬಸ್ಸು ಹತ್ತಿದೆ. ಕಡೂರು ಬರುವವರೆಗೂ ಆ ಖಾಲಿ ಗೂಡೇ ಕಣ್ಣ ಮುಂದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಕಾಫಿ ಸೋಸುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಬೀರೂರಿಗೆ ಹೋಗಿರಲಿಲ್ಲ ಎಂದೆ. ಮಠದ ಸ್ಪೀಕರ್, ಸಾಬರ ರೇಡಿಯೋ, ಕೊನೆಗೆ ಕೈ. ಅವಳು ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ.

"ಗೊತ್ತು," ಎಂದಳು.

"ಗೊತ್ತು ಅಂದ್ರೆ? ಯಾವಾಗಿಂದ?"

"ಹೋದ್ ವರ್ಷದಿಂದ ನಿಮ್ಗೆ ಕಾಫಿ ಮುಕ್ಕಾಲ್ ಲೋಟಾನೇ ಹಾಕ್ತಿದೀನಿ. ಚೆಲ್ಲಿದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ."

ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಅವಳು ಲೋಟ ಮುಂದೆ ಹಿಡಿದಳು. ಕಾಫಿ ಅಂಚಿಗಿಂತ ಎರಡು ಬೆರಳು ಕೆಳಗಿತ್ತು. ಒಂದು ವರ್ಷ ಅದನ್ನೇ ಕುಡಿದಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಅವಳ ಎದುರಿಗೇ.