ಪ್ಲೇಗಿನ ಜೋಪಡಿಯಲ್ಲಿ ಮೊದಲ ನಿದ್ದೆ

ಹುಕ್ಕೇರಿಯ ಹೊರಗೆ ಪ್ಲೇಗಿನವರಿಗಾಗಿ ತಟ್ಟಿಯ ಜೋಪಡಿ ಕಟ್ಟಿಸಿ, ಹಾಸಿಗೆ ಹಾಸಿ ಕಾಯುತ್ತಿದ್ದೆವು. ನಾನಾಗ ಸರಕಾರಿ ದವಾಖಾನೆಯ ಕಂಪೌಂಡರ್. ಒಳಗೆ ಹೋದವರು ಮರಳುವುದಿಲ್ಲವೆಂದು ಹೆದರಿ ಊರವರು ರೋಗಿಗಳನ್ನು ಮನೆಯಲ್ಲೇ ಬಚ್ಚಿಡುತ್ತಿದ್ದರು.

ಒಂದು ಮಧ್ಯಾಹ್ನ ಊರಿನ ಮುದುಕಿಯೊಬ್ಬಳು ಬಂದಳು.

“ಸೊಸಿಗೆ ಗಂಟ ಎದ್ದಾವ್ರಿ. ಆಕಿ ಮಲಗೂ ಜಾಗಾ ಮೊದಲ ನಾ ನೋಡ್ತೇನಿ,” ಎಂದು ಹಾಸಿಗೆಯ ಮೇಲೆ ಅಡ್ಡಾದಳು.

“ಏಳಬೇ, ಆಯಿ!” ಎಂದು ನಾನು ಹೇಳುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು. ತಟ್ಟಿಯ ಸಂದಿಯಿಂದ ಬಿದ್ದ ಬಿಸಿಲು ಅವಳ ಮೈಮೇಲೆ ನೀರಿನಂತೆ ಅಲುಗುತ್ತಿತ್ತು. ನೋಡುತ್ತ ಕೂತ ನನಗೆ ಊರು, ರೋಗ, ಭಯ ಎಲ್ಲವೂ ಎಲ್ಲೋ ದೂರದ್ದೆನಿಸಿತು.

ಆಮೇಲೆ ಮುದುಕಿ ಎದ್ದು ಸೆರಗು ಸರಿಮಾಡಿಕೊಂಡಳು. “ಗಾಳಿ ಚಲೋ ಐತ್ರಿ. ಕರಕೊಂಡ ಬರ್ತೇನಿ.”

ಸಂಜೆ ಸೊಸೆಯ ಚಕ್ಕಡಿ ಬಂತು, ಅದರ ಹಿಂದೆ ಬೇರೆ ಮನೆಯ ರೋಗಿಯದು ಮತ್ತೊಂದು. ಸೊಸೆ ಬದುಕಿದಳು.

ಮುಂದೆ ತಪಾಸಣೆಗೆ ಸಾಹೇಬರು ಬಂದು ನಮ್ಮ ಸಿದ್ಧತೆಯನ್ನು ಹೊಗಳಿದಾಗ ಮುದುಕಿಯ ನಿದ್ದೆಯ ಮಾತೆತ್ತದೆ ನಾನು ಕೈಮುಗಿದೆ. ರೋಗವಿಲ್ಲದವರು ಸರಕಾರಿ ಹಾಸಿಗೆಯಲ್ಲಿ ಮಲಗುವುದು ನಿಯಮಕ್ಕೆ ವಿರುದ್ಧವಾಗಿತ್ತು.